ರೋಗಿಯ ಹಾಸಿಗೆಯ ಬಳಿ ಯಾವ ಕಥೆ?

ಮನೆಯ ಹಿರಿಯರೊಬ್ಬರು ವಾಸಿಯಾಗದ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಔಷಧ, ಪಥ್ಯ, ಪ್ರಾರ್ಥನೆಗಳಲ್ಲಿ ನಾವು ಲೋಪ ಮಾಡುವುದಿಲ್ಲ. ಆದರೆ ಅವರಿಗೆ ಹಗಲು ಸರಿಯದು, ರಾತ್ರಿ ನಿದ್ದೆ ಬಾರದು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಕಥೆಯೊಂದನ್ನು ಓದಿ ಹೇಳುವುದೂ ಶುಶ್ರೂಷೆಯೇ ಸರಿ. ಯಾವ ಕಥೆಯೆಂಬಲ್ಲಿ ಮಾತ್ರ ವಿವೇಕ ಬೇಕು.

ನಮ್ಮ ಕೈ ಮೊದಲು ಹೋಗುವುದು ಪವಾಡದ ಕಥೆಗಳತ್ತ. ರೋಗಿಗೆ ಭರವಸೆ ಮೂಡಲೆಂಬುದೇ ನಮ್ಮ ಆಶಯ. ಆದರೆ ದಿನವೂ ಗುಣಹೊಂದಿದವರ ಕಥೆಯನ್ನೇ ಕೇಳುವ ರೋಗಿಯು, ತನ್ನ ವಿಶ್ವಾಸವೇ ಸಾಲದಾಯಿತೇನೋ ಎಂದು ಒಳಗೊಳಗೇ ಕೊರಗಬಹುದು. 1858ರಲ್ಲಿ ಲೂರ್ದಿನಲ್ಲಿ ಮಾತೆ ಮರಿಯಮ್ಮನವರ ದರ್ಶನ ಪಡೆದ ಸಂತ ಬರ್ನಡೆಟ್ ಅವರೇ ರೋಗಮುಕ್ತರಾಗಲಿಲ್ಲ; 1879ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಕ್ಷಯದಿಂದ ನರಳಿ ದೈವಾಧೀನರಾದರು. ಗುಣವಾಗದಿರುವುದು ದೇವರ ಮುನಿಸಲ್ಲವೆಂದು ತಿಳಿಸಲು ಈ ಬಾಳೇ ಸಾಕು. ಯೋಬನ ಗೆಳೆಯರೂ ಏಳು ದಿನ ಸುಮ್ಮನೆ ಜೊತೆಗಿದ್ದಾಗ ಒಳ್ಳೆಯ ಸಂಗಾತಿಗಳಾಗಿದ್ದರು. ಅವನ ನೋವಿಗೆ ಕಾರಣ ಹೇಳತೊಡಗಿದಾಗಲೇ ಭಾರವಾದರು.

ಹಾಗಾದರೆ ಆಯ್ಕೆ ಯಾರದು? ಕೇಳುವವರದೇ. ಲೊಯೋಲದ ಸಂತ ಇಗ್ನೇಷಿಯಸ್ 1521ರ ಪಾಂಪ್ಲೋನ ಕಾಳಗದಲ್ಲಿ ಕಾಲು ಮುರಿದು ಮಲಗಿದ್ದಾಗ ಬಯಸಿದ್ದು ವೀರರ ಸಾಹಸಕಥೆಗಳನ್ನು. ಅವು ಮನೆಯಲ್ಲಿ ಇರಲಿಲ್ಲವಾಗಿ ಕ್ರಿಸ್ತರ ಚರಿತ್ರೆಯೂ ಸಂತರ ಚರಿತ್ರೆಗಳೂ ಅವರ ಕೈಸೇರಿದವು. ಸಾಹಸದ ಕನಸುಗಳು ಆ ಹೊತ್ತಿಗೆ ಹಿತವೆನಿಸಿ ಆಮೇಲೆ ಮನಸ್ಸನ್ನು ಬರಿದಾಗಿಸುತ್ತಿದ್ದವು. ಸಂತರ ನೆನಪು ಮಾತ್ರ ಆನಂದವನ್ನು ಉಳಿಸುತ್ತಿತ್ತು. ಇದನ್ನು ಗುರುತಿಸಿದವರು ಬೇರಾರೂ ಅಲ್ಲ, ಹಾಸಿಗೆಯಲ್ಲಿದ್ದ ಅವರೇ. ವೀರಕಥೆ ಬೇಡವೆಂಬುದು ಇದರ ಪಾಠವಲ್ಲ. ಕಥೆ ಮುಗಿದ ಬಳಿಕ ಕೇಳಿದವರ ಮನದಲ್ಲಿ ಏನು ಉಳಿಯಿತೆಂಬುದನ್ನು ನೋಡಬೇಕು. ಮುಖ ತಿಳಿಯಾದರೆ ಅದನ್ನೇ ಮತ್ತೊಮ್ಮೆ ಓದೋಣ. ಕಳವಳಗೊಂಡರೆ ಸದ್ದಿಲ್ಲದೆ ಪುಸ್ತಕ ಬದಲಿಸೋಣ.

ನಮ್ಮ ಸೀಮೆಯಲ್ಲಿ ಕಥೆಗಳಿಗೇನು ಬರ? ಆನೆಗೊಂದಿಯ ಸುತ್ತ ಕಿಷ್ಕಿಂಧೆಯ ಕಥೆಗಳಿವೆ. ಗಂಗಾವತಿ ಸೀಮೆಯ ಕುಮ್ಮಟದುರ್ಗದಲ್ಲಿ ಗಂಡುಗಲಿ ಕುಮಾರರಾಮನ ಕಥೆಯಿದೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಮಕ್ಕಳಿಗಾಗಿ ಬರೆದ ಪದ್ಯಗಳಿವೆ. ಅವನ್ನು ಮೊಮ್ಮಕ್ಕಳೇ ಓದಿ ಹೇಳಬಹುದು. ಕೊಪ್ಪಳ, ಕುಷ್ಟಗಿಗಳ ಹಳ್ಳಿಗಳಲ್ಲಿ ಬೆಳೆದ ಅಜ್ಜನೊಬ್ಬನು ತಾನು ಬಾಲ್ಯದಲ್ಲಿ ಕಂಡ ಬಯಲಾಟದ ಕಥೆಯನ್ನು ಬಯಸಿದರೆ, ಅದು ಬೈಬಲಿನದಲ್ಲವೆಂದು ತಳ್ಳಿಹಾಕುವುದು ಸಲ್ಲದು. ಕುಮಾರರಾಮನ ಕಥೆ ರಣರಂಗದ ಸಾವಿನಲ್ಲಿ ಮುಗಿಯುತ್ತದೆ. ಎಲ್ಲಿಯವರೆಗೆ ಹೇಳಬೇಕೆಂದು ಅವರನ್ನೇ ಕೇಳೋಣ. ಶ್ರೀಗ್ರಂಥವನ್ನೇ ಬಯಸುವವರಿಗೆ ಮಗನ ದೂರಪಯಣವನ್ನು ಹೇಳುವ ತೊಬಿತನ ಗ್ರಂಥವಿದೆ, ಅತ್ತೆಯ ಕೈಬಿಡದ ರೂತಳ ಕಥೆಯಿದೆ. ಕಾಲುವೆಯಂಚಿನ ಕ್ಯಾಂಪುಗಳಲ್ಲಿ ತೆಲುಗು ಮನೆಮಾತಿನವರೂ ಇದ್ದಾರೆ. ಅವರಿಗೆ ಅವರ ನುಡಿಯಲ್ಲೇ ಓದಬೇಕು. ನೋವಿನಲ್ಲಿರುವಾಗ ತಾಯಿನುಡಿಯೇ ಹತ್ತಿರ.

ಓದುವ ಮೊದಲು ಕಥೆಯನ್ನು ನಾವೊಮ್ಮೆ ಓದಿಕೊಂಡಿರಬೇಕು. ಅದೇ ಕಾಯಿಲೆಯಿಂದ ಸಾಯುವ ಪಾತ್ರ ಥಟ್ಟನೆ ಎದುರಾಗಬಾರದು. ಹತ್ತು ನಿಮಿಷದಲ್ಲಿ ಮುಗಿಯುವ ಭಾಗವಿದ್ದರೆ ಸಾಕು. ಧ್ವನಿ ನಿಧಾನವಾಗಿರಲಿ. ರೋಗಿ ಕಣ್ಣು ಮುಚ್ಚಿದರೆ ಬೇಸರಗೊಂಡರೆಂದು ತಿಳಿಯಬೇಕಿಲ್ಲ. ಇಂದು ಕಥೆ ಬೇಡವೆಂದರೆ ಕೈ ಹಿಡಿದು ಸುಮ್ಮನೆ ಕುಳಿತಿರೋಣ.

ಅರಿವು ತಪ್ಪಿದ ಮೇಲೆ ಓದಿ ಫಲವೇನೆಂದು ಕೆಲವರು ಕೇಳುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಿಗೆ ಪ್ರತಿಕ್ರಿಯಿಸಲಾರದ ಸ್ಥಿತಿಯ ಕೆಲವು ರೋಗಿಗಳ ಮಿದುಳು ಕೊನೆಯ ಗಳಿಗೆಗಳಲ್ಲೂ ಧ್ವನಿಗೆ ಸ್ಪಂದಿಸಿತ್ತು. ಅರ್ಥವಾಯಿತೆಂದು ಅದರಿಂದ ಹೇಳಲಾಗದು, ಕೇಳಿಸಿರಬಹುದೆಂದು ಹೇಳಬಹುದು. ಪ್ರೀತಿಗೆ ಅಷ್ಟು ಆಧಾರ ಸಾಕು. ಆದುದರಿಂದ ಅವರು ಮಾತನಾಡಬಲ್ಲ ದಿನಗಳಲ್ಲೇ, ಯಾವ ಕಥೆ ಇಷ್ಟವೆಂದು ಕೇಳಿಟ್ಟುಕೊಳ್ಳೋಣ. ಅವರು ಮಾತು ನಿಲ್ಲಿಸಿದ ದಿನ ನಾವು ಓದಬೇಕಾದುದು ಅದನ್ನೇ.