ಮುಂಬಯಿಯ ಮೂಕಚಿತ್ರಮಂದಿರಗಳು

ಮೂಕಚಿತ್ರವೆಂಬ ಹೆಸರು ಆ ಚಿತ್ರಗಳು ಓಡುತ್ತಿದ್ದ ಕಾಲದ್ದಲ್ಲ. ಪರದೆಗೆ ಮಾತು ಬಂದ ಮೇಲೆ, ಹಳೆಯದನ್ನು ಹೊಸದರಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ ಹುಟ್ಟಿಕೊಂಡ ಹೆಸರು ಅದು. ಅದಕ್ಕೆ ಮುಂಚೆ ಜನ ಬೈಸ್ಕೋಪು ಎನ್ನುತ್ತಿದ್ದರು, ಸಿನೆಮಾ ಎನ್ನುತ್ತಿದ್ದರು. ಚಿತ್ರಮಂದಿರದೊಳಗೆ ಕುಳಿತವರಿಗಂತೂ ಅದು ಮೂಕವೆಂದು ತೋರಿರಲಾರದು. ಮುಂಬಯಿಯ ಗಿರಗಾಂವಿನಲ್ಲಿ, ಗ್ರಾಂಟ್ ರೋಡಿನಲ್ಲಿ ಆ ಮಂದಿರಗಳಷ್ಟು ಗದ್ದಲದ ತಾಣ, ಪೇಟೆಯೊಂದನ್ನು ಬಿಟ್ಟರೆ, ಮತ್ತೊಂದಿರಲಿಲ್ಲವೇನೋ!

ಚಲಚ್ಚಿತ್ರವು ಭಾರತದಲ್ಲಿ ಕಾಲಿಟ್ಟ ಸ್ಥಳ ಎಸ್ಪ್ಲನೇಡಿನ ವಾಟ್ಸನ್ ಹೋಟೆಲು. ಕಬ್ಬಿಣದ ಕಂಬ ತೊಲೆಗಳನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ಯಿಸಿ, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ ಕಟ್ಟಡವದು. 1896ನೆಯ ಇಸವಿ ಜುಲೈ 7ರಂದು ಲ್ಯೂಮಿಯೇರ್ ಸೋದರರ ಪ್ರತಿನಿಧಿ ಮಾರಿಯಸ್ ಸೆಸ್ತಿಯೆ ಅಲ್ಲಿ ಆರು ಕಿರುಚಿತ್ರಗಳನ್ನು ತೋರಿಸಿದನು. ಪ್ಯಾರಿಸಿನ ಮೊದಲ ಪ್ರದರ್ಶನ ನಡೆದು ಆರು ತಿಂಗಳು ಕಳೆದಿತ್ತು, ಅಷ್ಟೆ. ಆಸ್ಟ್ರೇಲಿಯಕ್ಕೆ ಹೊರಟಿದ್ದ ಆತ ದಾರಿಯಲ್ಲಿ ಇಲ್ಲಿ ತಂಗಿದ್ದನು. ಪ್ರವೇಶ ದರ ಒಂದು ರೂಪಾಯಿ. ಒಂದು ವಾರದೊಳಗಾಗಿ, ಜುಲೈ 14ರಂದು, ಪ್ರದರ್ಶನವು ನಾವೆಲ್ಟಿ ನಾಟಕಶಾಲೆಗೆ ಸಾಗಿತು. ಅಲ್ಲಿ ನಾಲ್ಕಾಣೆಯಿಂದ ಎರಡು ರೂಪಾಯಿವರೆಗೆ ದರಗಳನ್ನು ಗೊತ್ತುಮಾಡಿ, ಗೋಷಾ ಸ್ತ್ರೀಯರಿಗೆಂದು ಬೇರೆ ಆಸನಗಳನ್ನು ಮೀಸಲಿಟ್ಟರು, ವಾದ್ಯಮೇಳವನ್ನೂ ಕೂಡಿಸಿದರು. ಇಂದಿನವರೆಗೂ ನಮ್ಮ ಚಿತ್ರಮಂದಿರಗಳಲ್ಲಿ ಉಳಿದುಬಂದಿರುವ ಆಸನಗಳ ಮೇಲುಕೀಳಿಗೆ ಈ ನಾವೆಲ್ಟಿಯೇ ಪೀಠಿಕೆ. ಹೋಟೆಲಿನ ಕೌತುಕವು ಊರ ಮನರಂಜನೆಯಾದದ್ದೂ ಇಲ್ಲಿಯೇ.

ಆ ಪ್ರದರ್ಶನಗಳನ್ನು ಕಂಡವರಲ್ಲಿ ಛಾಯಾಚಿತ್ರಗಾರ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಒಬ್ಬರು. ಅವರು ವಿಲಾಯತಿಯಿಂದ ಕ್ಯಾಮರಾ ತರಿಸಿಕೊಂಡು ಜಟ್ಟಿಗಳ ಕುಸ್ತಿಯನ್ನು ಚಿತ್ರಿಸಿದರು. ಆದರೆ ಚಿತ್ರಗಳನ್ನು ತೋರಿಸುವುದಕ್ಕೆಂದೇ ಒಂದು ಮನೆ ಎದ್ದು ನಿಲ್ಲಲು ಇನ್ನೂ ಹತ್ತು ವರ್ಷಗಳೇ ಹಿಡಿದುವು. ಅದಕ್ಕೆ ಕಾರಣ ವ್ಯಾಪಾರದ್ದು. ಆಗ ಚಿತ್ರಸುರುಳಿಯನ್ನು ಅಡಿಯ ಲೆಕ್ಕದಲ್ಲಿ ಹಣ ತೆತ್ತು ಕೊಳ್ಳಬೇಕಾಗಿತ್ತು. ಇದ್ದ ನಾಲ್ಕು ಚಿತ್ರಗಳನ್ನು ಅದೇ ಜನ ಎಷ್ಟು ಬಾರಿ ನೋಡಿಯಾರು? ಚಿತ್ರ ಬದಲಾಗುವಂತಿಲ್ಲವಾದ್ದರಿಂದ ಊರು ಬದಲಾಗಬೇಕಾಗಿತ್ತು. ಹೀಗಾಗಿ ಆ ಕಾಲದ ಪ್ರದರ್ಶಕರು ಡೇರೆ ಹೊತ್ತ ಸಂಚಾರಿಗಳು. ಅವರಲ್ಲಿ ಪ್ರಸಿದ್ಧರಾದ ಅಬ್ದುಲ್‌ಅಲಿ ಈಸೂಫ್‌ಅಲಿಯವರ ಡೇರೆ ನೂರು ಅಡಿ ಉದ್ದ, ಐವತ್ತು ಅಡಿ ಅಗಲ. ಸಾವಿರ ಜನ ಅದರಲ್ಲಿ ಕೂಡಬಹುದಾಗಿತ್ತು. ಮೊದಲು ಆಗ್ನೇಯ ಏಷ್ಯದ ದೇಶಗಳನ್ನು ಸುತ್ತಿ, 1908ರಿಂದ ಅವರು ಭಾರತದಲ್ಲಿ ಸಂಚರಿಸಿದರು. ಅಷ್ಟರಲ್ಲಿ, 1907ರಲ್ಲಿ, ಫ್ರಾನ್ಸಿನ ಪಾಥೆ ಕಂಪೆನಿಯು ಇಲ್ಲಿ ಕಚೇರಿ ತೆರೆದಿತ್ತು. ಚಿತ್ರಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಬಳಕೆಗೆ ಬಂದೊಡನೆ ಲೆಕ್ಕ ತಿರುಗಿತು. ಜನ ಕುಳಿತಲ್ಲೇ ಕುಳಿತರು, ಚಿತ್ರ ತಿರುಗಾಡತೊಡಗಿತು. 1914ರಲ್ಲಿ ಅಬ್ದುಲ್‌ಅಲಿಯವರು ಅರ್ದೇಶಿರ್ ಇರಾನಿಯವರೊಡನೆ ಪಾಲುಗೂಡಿ ಅಲೆಕ್ಸಾಂಡ್ರಾ ಚಿತ್ರಮಂದಿರವನ್ನು ವಹಿಸಿಕೊಂಡರು. 1918ರಲ್ಲಿ ಇಬ್ಬರೂ ಸೇರಿ ಗಿರಗಾಂವಿನಲ್ಲಿ ಮೆಜೆಸ್ಟಿಕ್ಕನ್ನು ಕಟ್ಟಿಸಿದರು.

ಗ್ರಾಂಟ್ ರೋಡಿನ ಮಾತೇ ಬೇರೆ. ಪಾರ್ಸಿ ನಾಟಕ ಕಂಪೆನಿಗಳ ರಂಗಶಾಲೆಗಳು ಅಲ್ಲಿ ಸಾಲಾಗಿ ನಿಂತಿದ್ದುವು. ‘ಪ್ಲೇ ಹೌಸ್’ ಎಂಬ ಇಂಗ್ಲಿಷು ಮಾತು ಜನರ ಬಾಯಲ್ಲಿ ನವೆದು ನವೆದು ‘ಪೀಲಾ ಹೌಸ್’ ಆಯಿತು. ಹಳದಿಯ ಮನೆ ಯಾವುದೆಂದು ಹುಡುಕಹೊರಟವನಿಗೆ ಅಲ್ಲಿ ಏನೂ ಸಿಕ್ಕುವಂತಿಲ್ಲ. ಆ ನಾಟಕಶಾಲೆಗಳು ಒಂದೊಂದಾಗಿ ಬಿಳಿಯ ಪರದೆಯನ್ನು ಕಟ್ಟಿಕೊಂಡುವು. ಪರದೆ ಬಂದಿತೆಂದು ನಾಟಕದ ಅಭ್ಯಾಸಗಳೇನೂ ಹೊರಟುಹೋಗಲಿಲ್ಲ. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವನ್ನು 1913ರ ಏಪ್ರಿಲ್ 21ರಂದು ಇದೇ ಗ್ರಾಂಟ್ ರೋಡಿನ ಒಲಿಂಪಿಯಾದಲ್ಲಿ ಆಹ್ವಾನಿತರಿಗೆ ತೋರಿಸಲಾಯಿತು. ಸಾರ್ವಜನಿಕ ಪ್ರದರ್ಶನ ಮೇ 3ರಂದು ಗಿರಗಾಂವಿನ ಕಾರೊನೇಷನ್ ಸಿನೆಮಾಟೋಗ್ರಾಫಿನಲ್ಲಿ ಮೊದಲಾಯಿತು. ಚಿತ್ರದ ಉದ್ದ ಸುಮಾರು 3,700 ಅಡಿ, ಅಂದರೆ ನಾಲ್ಕು ಸುರುಳಿ. ಒಂದು ಗಂಟೆಯೂ ತುಂಬದು. ಆದ್ದರಿಂದ ಸತ್ಯಹರಿಶ್ಚಂದ್ರನ ಜೊತೆಗೆ ಯೂರೋಪಿಯನ್ ನರ್ತಕಿಯೊಬ್ಬಳ ಕುಣಿತ, ಹಾಸ್ಯದ ಪ್ರಹಸನ, ಕಾಲಿನಲ್ಲಿ ವಸ್ತುಗಳನ್ನೆಸೆದು ಆಡಿಸುವವನ ಕಸರತ್ತು ಇವೆಲ್ಲ ಆ ದಿನದ ಕಾರ್ಯಕ್ರಮದಲ್ಲಿದ್ದುವು. ಸ್ಮಶಾನದ ಚಂದ್ರಮತಿಗೂ ಕಾಲ್ಚಳಕದ ಅಲೆಕ್ಸಾಂಡರನಿಗೂ ಏನು ಸಂಬಂಧವೆಂದು ಅಂದಿನವರು ಕೇಳಲಿಲ್ಲ. ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಾರಿ, ಚಿತ್ರ ಬದಲಾಗುತ್ತಿದ್ದ ಕಾಲದಲ್ಲಿ ‘ಹರಿಶ್ಚಂದ್ರ’ 23 ದಿನ ನಡೆಯಿತು.

ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಪರದೆಗೆ ತೀರ ಸಮೀಪದಲ್ಲಿ, ನೆಲದ ಮೇಲೋ ಬೆಂಚಿನ ಮೇಲೋ, ಕೆಲವಾಣೆಯ ಜನ, ಹಿಂದೆ ಕುರ್ಚಿಗಳು, ಮೇಲೆ ಬಾಲ್ಕನಿ, ಪೆಟ್ಟಿಗೆ ಆಸನಗಳು. ಯಂತ್ರದ ಕೋಣೆಯಲ್ಲಿ ಎರಡು ಇದ್ದಲು ಕಡ್ಡಿಗಳ ನಡುವೆ ಉರಿಯುವ ವಿದ್ಯುತ್ತಿನ ಜ್ವಾಲೆ. ಅದರ ಮುಂದೆ, ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುವ ಚಿತ್ರಸುರುಳಿ. ಕೈಯಿಂದ ಯಂತ್ರವನ್ನು ತಿರುಗಿಸುವವನ ತೋಳಿನ ವೇಗವೇ ಕಥೆಯ ವೇಗ. ಒಂದೇ ಯಂತ್ರವಿದ್ದಲ್ಲಿ ಸುರುಳಿ ಮುಗಿದಾಗ ದೀಪ ಹತ್ತುತ್ತಿತ್ತು, ಮಾತು ಏಳುತ್ತಿತ್ತು. ಪರದೆಯ ಬಳಿ ಹಾರ್ಮೋನಿಯಂ, ತಬಲಾದವರು. ಕೋಟೆ ಪ್ರದೇಶದ ಇಂಗ್ಲಿಷು ಮಂದಿರಗಳಲ್ಲಾದರೆ ಪಿಯಾನೋ, ಪಿಟೀಲು. ಯುದ್ಧಕ್ಕೊಂದು ಗತ್ತು, ವಿರಹಕ್ಕೊಂದು ರಾಗ.

ಇವೆಲ್ಲಕ್ಕಿಂತ ವಿಶೇಷವಾದದ್ದು ಬರಹಗಳ ವಿಷಯ. ಪಾತ್ರಗಳ ಮಾತನ್ನು ಚಿತ್ರದ ನಡುನಡುವೆ ಬರೆದು ತೋರಿಸುತ್ತಿದ್ದರಷ್ಟೆ. ಮುಂಬಯಿಯ ಚಿತ್ರಗಳಲ್ಲಿ ಅದೇ ವಾಕ್ಯ ಇಂಗ್ಲಿಷು, ಹಿಂದಿ, ಗುಜರಾತಿ, ಉರ್ದು ಹೀಗೆ ಮೂರು ನಾಲ್ಕು ಭಾಷೆಗಳಲ್ಲಿ ಮೂಡುವುದುಂಟು. ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಯಾವ ಲಿಪಿಯೂ ಬಾರದು. ಆದ್ದರಿಂದ ಬಲ್ಲವನೊಬ್ಬ ಗಟ್ಟಿಯಾಗಿ ಓದುತ್ತಿದ್ದನು. ಕೆಲವು ಮಂದಿರಗಳಲ್ಲಿ ಅದಕ್ಕೆಂದೇ ಸಂಬಳದ ವಾಚಕನಿರುತ್ತಿದ್ದನು. ಬರೆದದ್ದಷ್ಟನ್ನೇ ಓದಿ ಸುಮ್ಮನಾಗುವ ವಾಚಕನಿಗೆ ಗಿರಗಾಂವಿನಲ್ಲಿ ಏನು ಬೆಲೆ? ನಮ್ಮ ಗಮಕಿಗಳ, ಹರಿದಾಸರ ಪರಂಪರೆಯನ್ನು ಬಲ್ಲ ಓದುಗರು ಉಳಿದುದನ್ನು ಊಹಿಸಿಕೊಳ್ಳಬಹುದು. 1917ರ ‘ಲಂಕಾದಹನ’ದಲ್ಲಿ ಸಾಳುಂಕೆ ಎಂಬ ನಟನೇ ರಾಮನೂ ಸೀತೆಯೂ ಆಗಿದ್ದನು. ಆದರೂ ರಾಮನು ಪರದೆಯ ಮೇಲೆ ಬಂದಾಗ ಜನ ಕಾಲಿನ ಜೋಡು ಕಳಚಿ ಕೈಮುಗಿದರಂತೆ.

ಈ ಸದ್ದಿಗೆ ಸರಕಾರ ಕಿವಿಗೊಡದೆ ಇರಲಿಲ್ಲ. 1918ರ ಶಾಸನದ ಮೇರೆಗೆ 1920ರಲ್ಲಿ ಪರಿಶೀಲನ ಮಂಡಲಿಗಳು ಬಂದುವು. ಮರುವರ್ಷವೇ ಕೊಹಿನೂರ್ ಕಂಪೆನಿಯ ‘ಭಕ್ತ ವಿದುರ’ದಲ್ಲಿ ವಿದುರನು ಗಾಂಧಿ ಟೊಪ್ಪಿಗೆಯಲ್ಲಿ ಕಾಣಿಸಿಕೊಂಡನು. ಮದರಾಸು, ಕರಾಚಿಗಳಲ್ಲಿ ಆ ಚಿತ್ರವನ್ನು ನಿಷೇಧಿಸಿದರು. ಪರದೆಯ ವಿದುರ ತುಟಿಯನ್ನು ಬಿಚ್ಚಲಿಲ್ಲ ನಿಜ, ಆದರೆ ಸಭೆ ಏನೆಂದು ಕೂಗೀತೆಂಬ ಭಯ ಅಧಿಕಾರಿಗಳಿಗೆ ಇತ್ತು.

ಮುಂಬಯಿಯ ಸುರುಳಿಗಳು ರೈಲು ಹತ್ತಿ ದೂರ ಹೋಗುತ್ತಿದ್ದುವು. ಹುಬ್ಬಳ್ಳಿಯ ಡೆಕ್ಕನ್ ಸಿನೆಮಾದಲ್ಲಿ ಬಾಗಿಲು ಕಾಯುತ್ತಿದ್ದ, ಹಗಲು ರೈಲ್ವೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗನೊಬ್ಬ ಫಾಲ್ಕೆಯವರ ಚಿತ್ರಗಳನ್ನು ಅಲ್ಲಿ ನಿಂತು ನೋಡಿದನು. ಮುಂದೆ ಅವನೇ ವಿ. ಶಾಂತಾರಾಮ್. ಹುಬ್ಬಳ್ಳಿಗಾಗಿ ಬೇರೆ ಚಿತ್ರ ತೆಗೆಯಬೇಕಾಗಿರಲಿಲ್ಲ. ಓದಿ ಹೇಳುವವನು ಬೇರೆಯಾದರೆ ಸಾಕಾಗಿತ್ತು.

1931ರ ಮಾರ್ಚ್ 14ರಂದು ‘ಆಲಂ ಆರಾ’ ಇದನ್ನೆಲ್ಲ ಬದಲಾಯಿಸಿತು. ಚಿತ್ರ ತೆಗೆದವರು ಅರ್ದೇಶಿರ್ ಇರಾನಿಯವರು. ತೋರಿಸಿದ್ದು ಅದೇ ಮೆಜೆಸ್ಟಿಕ್ಕಿನಲ್ಲಿ. ಜನಸಂದಣಿಯನ್ನು ತಡೆಯಲು ಪೊಲೀಸರನ್ನು ಕರೆಯಬೇಕಾಯಿತು. ನಾಲ್ಕಾಣೆಯ ಟಿಕೇಟು ಹೊರಗೆ ನಾಲ್ಕೈದು ರೂಪಾಯಿಗೆ ಮಾರಿತು. ಏಳು ಹಾಡುಗಳಿದ್ದ ಚಿತ್ರವು ಬಂದ ಮೇಲೆ ಹಾರ್ಮೋನಿಯಂನವನಿಗೆ ಕೆಲಸವೆಲ್ಲಿ? ಮೂಕಚಿತ್ರಗಳು ಇನ್ನು ಮೂರು ವರ್ಷ ಕುಂಟುತ್ತ ಸಾಗಿದುವು. ವಾಚಕ, ವಾದಕರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ನಾಲ್ಕು ಲಿಪಿಗಳ ಆ ಸಭೆ ಭಾಷೆಭಾಷೆಯಾಗಿ ಒಡೆಯಿತು. ಹಾಗೆಂದು ಕನ್ನಡಿಗನು ಪೂರ್ತಿ ಮರುಗುವಂತೆಯೂ ಇಲ್ಲ. ಆ ಒಡಕಿನಿಂದಲೇ ಅಲ್ಲವೆ 1934ರಲ್ಲಿ ‘ಸತಿ ಸುಲೋಚನ’ ನಮ್ಮ ನುಡಿಯಲ್ಲಿ ಮಾತಾಡಿದ್ದು?

ಕಟ್ಟಡಗಳ ಪಾಡು ಬೇರೆ ಬೇರೆ. ಮೆಜೆಸ್ಟಿಕ್ ನೆಲಸಮವಾಗಿ ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿ ಸಂಕೀರ್ಣ ಎದ್ದಿತು. ನಾವೆಲ್ಟಿಯ ನೆಲದ ಮೇಲೆ ಎಕ್ಸೆಲ್ಸಿಯರ್ ಬಂದಿತು. ಮೂಕಚಿತ್ರಗಳನ್ನೂ ಕಂಡಿದ್ದ ರಾಯಲ್ ಆಪೆರಾ ಹೌಸು 1993ರಲ್ಲಿ ಮುಚ್ಚಿ, ಜೀರ್ಣೋದ್ಧಾರವಾಗಿ 2016ರಲ್ಲಿ ಮತ್ತೆ ತೆರೆಯಿತು. ವಾಟ್ಸನ್ ಹೋಟೆಲಿನ ಕಟ್ಟಡ ಶಿಥಿಲವಾಗಿ, ಅದರಲ್ಲಿದ್ದವರನ್ನು 2019ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ತೆರವುಗೊಳಿಸಲಾಯಿತು.

ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಚಿತ್ರಗಳಲ್ಲಿ ಉಳಿದವು ಮೂವತ್ತರೊಳಗೆ. ಅವುಗಳಲ್ಲಿಯೂ ಹಲವು ತುಣುಕುಗಳು. ‘ಹರಿಶ್ಚಂದ್ರ’ದ ಉಳಿದ ಸುರುಳಿಗಳು ಫಾಲ್ಕೆಯವರು 1917ರಲ್ಲಿ ಎರಡನೆಯ ಸಲ ತೆಗೆದ ಪ್ರತಿಯವೆಂಬ ವಾದವೂ ಇದೆ. ವಿದ್ಯಾರ್ಥಿಗಳು ಅವನ್ನು ಈಗ ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತು ನೋಡುತ್ತಾರೆ. ಬರಹಗಳು ಪರದೆಯ ಮೇಲೆ ಬೇಸರ ಬರುವಷ್ಟು ಹೊತ್ತು ನಿಂತಂತೆ ಅವರಿಗೆ ಕಾಣುತ್ತದೆ. ಒಬ್ಬನು ಗಟ್ಟಿಯಾಗಿ ಓದಿ, ಪಕ್ಕದ ಇಬ್ಬರಿಗೆ ತಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿ ಮುಗಿಸಲು ಅಷ್ಟು ಹೊತ್ತು ಬೇಕಾಗುತ್ತಿತ್ತು.