ಬೋಟಿನ ಇಂಜಿನು ಬಿಸಿಯೇರಿದರೆ: ನೀರಿನ ದಾರಿ ಹಿಡಿದು ನೋಡಿರಿ

ಮುಂಬಯಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಕರಾವಳಿಯ ಬಂಧುಗಳಲ್ಲಿ ಹಲವರ ಮನೆಗೆ ಇಂದಿಗೂ ಕಡಲೇ ಆಧಾರ. ಮಲ್ಪೆಯಲ್ಲಿಯೋ ಗಂಗೊಳ್ಳಿಯಲ್ಲಿಯೋ ಅಣ್ಣನದೊಂದು ಹಳೆಯ ಬೋಟು ಇರುತ್ತದೆ. "ಇಂಜಿನು ಬಿಸಿಯೇರುತ್ತದೆ ಮಾರಾಯ, ಹೊಸತೇ ಹಾಕಬೇಕಂತೆ, ಹಣ ಕಳುಹಿಸು" ಎಂದು ಊರಿನಿಂದ ಕರೆ ಬಂದರೆ, ವರ್ಷಗಟ್ಟಲೆ ಕೂಡಿಟ್ಟ ಗಂಟು ಒಂದೇ ದಿನದಲ್ಲಿ ಕರಗುವ ಸಂಭವವುಂಟು. ಹಣ ಕಳುಹಿಸುವ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಬಿಸಿಯೇರುವುದು ರೋಗವಲ್ಲ, ರೋಗದ ಲಕ್ಷಣ. ಬೋಟಿನ ಡೀಸೆಲ್ ಇಂಜಿನುಗಳಲ್ಲಿ ಹಲವಕ್ಕೆ ಎರಡು ನೀರುಗಳಿರುತ್ತವೆ. ಸಿಹಿನೀರು ಇಂಜಿನಿನ ಒಳಗೇ ಸುತ್ತುತ್ತದೆ. ಕಡಲಿನಿಂದ ಪಂಪು ಸೆಳೆದ ಉಪ್ಪುನೀರು ಕೊಳವೆಗಳ ಗೂಡೊಂದರಲ್ಲಿ ಹರಿದು, ಆ ಸಿಹಿನೀರಿನ ಶಾಖವನ್ನು ಹೀರಿ, ಹೊಗೆಯೊಡನೆ ಹೊರಬೀಳುತ್ತದೆ. ಇನ್ನೂ ಹಳೆಯ ಕೆಲವು ಇಂಜಿನುಗಳಲ್ಲಿ ಉಪ್ಪುನೀರೇ ನೇರವಾಗಿ ಒಳಗೆ ಹರಿಯುವುದುಂಟು. ಅಂಥವನ್ನು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನೊಳಗೇ ಇಡಬೇಕು. ಮೀರಿದರೆ ಉಪ್ಪು ಒಳಗೆ ಹೆಪ್ಪುಗಟ್ಟತೊಡಗುತ್ತದೆ. ಸಿಹಿನೀರಿನ ಇಂಜಿನಿಗೆ 80 ಡಿಗ್ರಿಯ ಆಸುಪಾಸು ಸಹಜವೇ.

ಆದ್ದರಿಂದ ಮೊದಲನೆಯ ಪ್ರಶ್ನೆ: ಇಂಜಿನು ಓಡುತ್ತಿರುವಾಗ ಹಿಂಭಾಗದ ಹೊಗೆಕೊಳವೆಯಿಂದ ನೀರು ಎಂದಿನಂತೆ ಬೀಳುತ್ತಿದೆಯೇ? ಬೀಳದಿದ್ದರೆ ಇಂಜಿನನ್ನು ಕೂಡಲೇ ನಿಲ್ಲಿಸಬೇಕು. ನೀರು ಕಡಿಮೆಯಾಗಿದ್ದರೆ ದೋಷವು ಸಾಮಾನ್ಯವಾಗಿ ಕಡಲ ಕಡೆಯದು, ಅಗ್ಗದ್ದು. ಬೋಟಿನ ತಳದ ಬಾಯಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಅಡ್ಡ ಬಂದಿರಬಹುದು; ಜಾಲರಿಯಲ್ಲಿ ಕಸ ಕಟ್ಟಿರಬಹುದು. ಜಾಲರಿಯ ಮುಚ್ಚಳ ಸಡಿಲವಾಗಿದ್ದರೆ ಪಂಪು ನೀರಿನ ಬದಲು ಗಾಳಿಯನ್ನು ಸೆಳೆಯುತ್ತದೆ. ಹಳೆಯ ರಬ್ಬರ್ ಕೊಳವೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕುಸಿದಿರುವುದುಂಟು.

ಮುಂದಿನದು ಪಂಪಿನೊಳಗಿನ ರಬ್ಬರಿನ ರೆಕ್ಕೆಚಕ್ರ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಅದು ಸುಟ್ಟು ಹರಿಯುತ್ತದೆ. ಚಕ್ರವನ್ನು ಬದಲಿಸಿದರೆ ಸಾಲದು. ಮುರಿದ ಚೂರುಗಳನ್ನು ಎಣಿಸಿ ಹುಡುಕಿ ತೆಗೆಯಬೇಕು. ಇಲ್ಲವಾದರೆ ಅವು ಮುಂದಿನ ಕೊಳವೆಗಳಲ್ಲಿ ಸಿಕ್ಕಿಕೊಂಡು ಹೊಸ ಚಕ್ರ ಹಾಕಿದ ಮೇಲೆಯೂ ಇಂಜಿನನ್ನು ಕಾಯಿಸುತ್ತವೆ. ಕೊನೆಯಲ್ಲಿ ನೀರೂ ಹೊಗೆಯೂ ಕೂಡುವ ಬಾಗುಕೊಳವೆಯಲ್ಲಿ ಉಪ್ಪೂ ಮಸಿಯೂ ಕಟ್ಟಿದೆಯೇ ಎಂಬುದನ್ನೂ ನೋಡಬೇಕು.

ನೀರು ಧಾರಾಳವಾಗಿ ಬೀಳುತ್ತಿದ್ದರೂ ಬಿಸಿಯೇರಿದರೆ ಒಳಗಿನ ಸಿಹಿನೀರನ್ನು ವಿಚಾರಿಸಬೇಕು. ಅದರ ಮುಚ್ಚಳವನ್ನು ಇಂಜಿನು ಆರಿದ ಮೇಲೆಯೇ ತೆರೆಯಬೇಕು. ಕುಕ್ಕರಿನ ಮುಚ್ಚಳವನ್ನು ಉಗಿಯಿರುವಾಗ ಯಾರೂ ತೆರೆಯರಷ್ಟೆ! ನೀರು ತಗ್ಗಿದೆಯೇ, ಪಟ್ಟಿ ಸಡಿಲವೇ ಎಂದು ನೋಡಿ, ಥರ್ಮೋಸ್ಟಾಟನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಬೇಕು. ಕುದಿಯುವ ಮೊದಲೇ ಅದು ತೆರೆದುಕೊಂಡರೆ ಸರಿ. ಅದನ್ನು ಕಿತ್ತೆಸೆದು ಓಡಿಸುವ ರೂಢಿ ಒಳ್ಳೆಯದಲ್ಲ. ತಣ್ಣಗೆ ಓಡುವ ಡೀಸೆಲ್ ಇಂಜಿನಿನಲ್ಲಿ ಎಣ್ಣೆ ಪೂರ್ತಿ ಉರಿಯದೆ ಮಸಿ ಕೂಡುತ್ತದೆ.

ಹೋಟೆಲಿನ ಬಾಯ್ಲರಿನ ಒಳಗೋಡೆಗೆ ಹತ್ತುವ ಬಿಳಿಯ ಪೊರೆಯನ್ನು ನಮ್ಮ ವಾಚಕರು ಬಲ್ಲರು. ಅದು ದಪ್ಪನಾದಷ್ಟೂ ಉರಿ ಹೆಚ್ಚು ಬೇಕು, ನೀರು ನಿಧಾನವಾಗಿ ಕಾಯುತ್ತದೆ. ಕೊಳವೆಗೂಡಿನಲ್ಲಿ ಅಂಥದೇ ಪೊರೆ ಕಟ್ಟಿದಾಗ ಶಾಖ ಕಡಲನೀರಿಗೆ ದಾಟುವುದಿಲ್ಲ. ಅದನ್ನು ಬಿಚ್ಚಿ ಶುಚಿಮಾಡಿ, ಅಲ್ಲಿರುವ ಸತುವಿನ ಕಡ್ಡಿ ಸವೆದಿದ್ದರೆ ಬದಲಿಸಬೇಕು. ಉಪ್ಪುನೀರಿಗೆ ಆ ಕಡ್ಡಿ ತಾನು ಬಲಿಯಾಗಿ ಕೊಳವೆಗಳನ್ನು ಉಳಿಸುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಬಿಸಿಯೇರಿದರೆ, ಚಕ್ರಕ್ಕೆ ಬಲೆಯ ತುಂಡು ಸುತ್ತಿ ಇಂಜಿನಿಗೆ ಭಾರವಾಗಿದೆಯೇ ಎಂದು ನೋಡಬೇಕು. ಇಂಜಿನಿನ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಸಿಹಿನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಮಾತ್ರ ದೋಷವು ಇಂಜಿನಿನ ಒಡಲಿಗೇ ಇಳಿದಿದೆಯೆಂದು ಸಂಶಯಿಸಬೇಕು. ಆಗಲೂ ಹಲವೊಮ್ಮೆ ದುರಸ್ತಿಗೆ ದಾರಿಯಿರುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ನಿಷೇಧವಿರುತ್ತದೆ. ಬೋಟುಗಳು ದಡ ಸೇರಿರುವ ಆ ದಿನಗಳೇ ಈ ಪರೀಕ್ಷೆಗೆ ತಕ್ಕ ಕಾಲ. ನಡುಗಡಲಿನಲ್ಲಿ ಇಂಜಿನು ನಿಂತ ಬೋಟು ಅಲೆಗೂ ಗಾಳಿಗೂ ಒಪ್ಪಿಸಿದ ಬೋಟು, ಅದರಲ್ಲಿರುವವರು ನಮ್ಮವರೇ. ಆದ್ದರಿಂದ ಊರಿನ ಕರೆ ಬಂದಾಗ ಹಣದ ಮಾತಿಗೆ ಮುನ್ನ, "ಅಣ್ಣಾ, ಹಿಂದುಗಡೆ ನೀರು ಬೀಳುತ್ತದೆಯೇ?" ಎಂದು ಕೇಳಿರಿ. ಆ ಒಂದು ಪ್ರಶ್ನೆಯಿಂದ ಗಂಟೂ ಉಳಿಯಬಹುದು, ತಾಂಡೇಲನೂ ಅವನ ಜೊತೆಗಾರರೂ ಕ್ಷೇಮವಾಗಿ ದಡ ಸೇರಬಹುದು.