ಕೆಲಸ ತಪ್ಪಿದವರಿಗೆ ಮನೆಯಿಂದ ಸಂಪಾದನೆ: ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯಿಂದ ತಿಳಿಯಬೇಕಾದದ್ದು

ಸದಸ್ಯ ಬಾಂಧವರಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗಿನ ಕಾರಣ ತೋಟಗಳಿಗೆ ಮರಳಿ ಬಂದುದು ನೆನಪಿರಬಹುದು. ಕೆಲವರು ತೋಟದ ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮೂಲಕ ಕೆಲಸ ಮುಂದುವರಿಸಿದರು. ಕೆಲವರಿಗೆ ಕೆಲಸವೇ ಉಳಿಯಲಿಲ್ಲ. ಅಂದಿನಿಂದ ಮನೆಯಲ್ಲಿದ್ದು ಆನ್‌ಲೈನ್ ಮೂಲಕ ದುಡಿಯಲು ಸಾಧ್ಯವೇ ಎಂಬ ಪ್ರಶ್ನೆ ಸಂಘದ ಕಚೇರಿಗೂ ಬರುತ್ತಿದೆ. ಮಗಳಿಗೆ ಮನೆಯಿಂದ ಮಾಡುವ ಕೆಲಸ ಸಿಕ್ಕಿದೆ, ನೋಂದಣಿಗೆ ಹಣ ಕಟ್ಟಬೇಕು, ಠೇವಣಿಯನ್ನು ಅವಧಿಗೆ ಮೊದಲೇ ಕೊಡಿ ಎಂದು ಕೇಳುವವರೂ ಇದ್ದಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುವುದು ಅವಶ್ಯವೆನಿಸಿತು.

ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಚಿನ್ನದ ಗಣಿಯ ಮಾತು ಏಕೆ ಎಂದು ಓದುಗರು ಕೇಳಬಹುದು. ಕೆಲಸ ಹೋಗುವುದೆಂದರೆ ಏನೆಂದು ನಮ್ಮ ರಾಜ್ಯದಲ್ಲಿ ಒಂದೇ ತಲೆಮಾರಿನಲ್ಲಿ ಎರಡು ಸಲ ಕಂಡ ಊರು ಅದು. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಅಲ್ಲಿ ಕೆಲಸ ಕೈಗೆತ್ತಿಕೊಂಡರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಗಣಿಗಳು ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನಲ್ಲಿ ಬೆಮೆಲ್ ಕಾರ್ಖಾನೆ ಇತ್ತಾದರೂ, ಗಣಿಯವರೆಲ್ಲರಿಗೂ ಅಲ್ಲಿ ಸ್ಥಳವಿರಲು ಸಾಧ್ಯವಿರಲಿಲ್ಲ. ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲ್, ಮಾರಿಕುಪ್ಪಂ ಮೊದಲಾದ ಬಡಾವಣೆಗಳ ಕುಟುಂಬಗಳಿಗೆ ಆಗ ಕಂಡ ದಾರಿ ಒಂದೇ, ರೈಲು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ. ಬೆಳಗಿನ ಜಾವ ಹೊರಟು ರಾತ್ರಿ ಮನೆ ಸೇರುವ ಸಾವಿರಾರು ಜನ ಕಾವಲುಗಾರರಾಗಿ, ಸ್ವಚ್ಛತಾ ಕೆಲಸದವರಾಗಿ, ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ, ಇಂಗ್ಲಿಷ್ ಬಲ್ಲವರು ಕಂಪನಿಗಳ ಕಚೇರಿಗಳಲ್ಲಿ ದುಡಿದು ಸಂಸಾರ ನಡೆಸಿದರು.

2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದ ಪ್ರಯಾಣಿಕರ ರೈಲುಗಳು ನಿಂತವು. 25ರಿಂದ ದೇಶವೇ ಬಂದ್ ಆಯಿತು. ಬೆಂಗಳೂರಿನಲ್ಲಿ ಕೆಲಸ ಇನ್ನೂ ಇದ್ದವರಿಗೂ ಅಲ್ಲಿಗೆ ಹೋಗುವ ದಾರಿ ಇಲ್ಲದಾಯಿತು. ಸುಮಾರು ನೂರು ಕಿಲೋಮೀಟರು ದೂರವನ್ನು ದಿನವೂ ಬಾಡಿಗೆ ವಾಹನದಲ್ಲಿ ಹೋಗಿಬಂದರೆ ಕಾವಲುಗಾರನ ಸಂಬಳದಲ್ಲಿ ಏನು ಉಳಿದೀತು? ಸಾಮಾನ್ಯ ಟಿಕೆಟಿನ ರೈಲುಗಳು ತಿಂಗಳುಗಟ್ಟಲೆ ಬರಲಿಲ್ಲ. ಒಂದು ಗಣಿಯನ್ನು ನಂಬಿದ್ದ ಊರು ಅನಂತರ ಒಂದು ರೈಲನ್ನು ನಂಬಿತ್ತು. 1996ರಲ್ಲಿ ಕಾಫಿ ಪೂಲ್ ಪದ್ಧತಿ ಹೋಗುವವರೆಗೆ ಮಂಡಳಿಯೊಂದನ್ನೇ ನೆಚ್ಚಿ, ಮಾರುಕಟ್ಟೆಯೆಂದರೇನೆಂದು ತಿಳಿಯದೆ ಇದ್ದ ನಾವು ಇದನ್ನು ಬೇಗ ಅರ್ಥ ಮಾಡಿಕೊಳ್ಳಬಲ್ಲೆವು.

ಮನೆಯಿಂದ ಸಂಪಾದನೆಯ ಮಾತಿಗೆ ಮೊದಲು, ಕೆಲಸ ಹೋದ ಮೊದಲ ತಿಂಗಳಲ್ಲಿ ಮಾಡಬೇಕಾದ ಬೇರೆ ಕೆಲಸವಿದೆ. ಹಕ್ಕಿನಿಂದ ಬರಬೇಕಾದ ಹಣವನ್ನು ಮೊದಲು ಪಡೆಯಬೇಕು. 2020ರ ಮಾರ್ಚ್ 28ರ ತಿದ್ದುಪಡಿಯಂತೆ ಭವಿಷ್ಯ ನಿಧಿಯ ಚಂದಾದಾರರು ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ಖಾತೆಯಲ್ಲಿದ್ದ ಮೊತ್ತದ ಶೇ. 75, ಇವೆರಡರಲ್ಲಿ ಕಡಿಮೆಯಾದುದನ್ನು ಹಿಂದಿರುಗಿಸಬೇಕಿಲ್ಲದ ಮುಂಗಡವಾಗಿ ಪಡೆಯಲು ಅವಕಾಶವಿತ್ತು. 2021ರಲ್ಲಿ ಎರಡನೆಯ ಸಲವೂ ಅವಕಾಶ ಕೊಡಲಾಯಿತು. ಇ.ಎಸ್.ಐ. ವಿಮೆಯಿದ್ದ ಕಾರ್ಮಿಕರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಶೇ. 25ರ ಬದಲು ಶೇ. 50ರಂತೆ 90 ದಿನಗಳವರೆಗೆ ಪರಿಹಾರ ದೊರೆಯುವಂತಾಯಿತು, ಅರ್ಜಿಯನ್ನು ಮಾಲೀಕರ ಮೂಲಕವೇ ಕೊಡಬೇಕೆಂಬ ನಿಬಂಧನೆಯನ್ನೂ ಸಡಿಲಿಸಲಾಯಿತು. ಸಂಬಳದಲ್ಲಿ ಪ್ರತಿ ತಿಂಗಳೂ ಇ.ಎಸ್.ಐ. ಎಂದು ಹಣ ಕಡಿತವಾಗುತ್ತಿದ್ದರೂ, ಅದು ಆಸ್ಪತ್ರೆಗೆ ಮಾತ್ರವೆಂದು ತಿಳಿದವರೇ ಹೆಚ್ಚು. ಈ ಎಲ್ಲಕ್ಕೂ ಬೇಕಾದುದು ಕಾಗದ ಪತ್ರ: ವೇತನ ಚೀಟಿ, ಭವಿಷ್ಯ ನಿಧಿಯ ಖಾತೆ ಸಂಖ್ಯೆ, ಇ.ಎಸ್.ಐ. ಚೀಟಿ, ಕೆಲಸ ಬಿಡಿಸಿದ ಪತ್ರ. ಗುತ್ತಿಗೆದಾರರ ಕೈಕೆಳಗೆ ಕಾವಲು ಕೆಲಸ ಮಾಡಿದವರಲ್ಲಿ ಎಷ್ಟು ಜನರ ಬಳಿ ಇವು ಇರುತ್ತವೆ? ನೌಕರಿಯಲ್ಲಿರುವ ಮಕ್ಕಳಿಗೆ ಇವನ್ನೆಲ್ಲ ಇಂದೇ ಒಂದು ಕಡತದಲ್ಲಿಡುವಂತೆ ಹೇಳುವುದು ಲೇಸು.

ಸಾಲದ ಕಂತಿನ ವಿಷಯ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಮಾಡಿಕೊಟ್ಟಿತು. ಕಂತು ಮುಂದಕ್ಕೆ ಹೋದರೂ ಬಡ್ಡಿ ಬೆಳೆಯುತ್ತಲೇ ಇತ್ತು ಎಂಬುದನ್ನು ಗಮನಿಸಬೇಕು. ಕೈಯಲ್ಲಿ ಹಣವಿದ್ದವರಿಗೆ ಇದರಿಂದ ಲಾಭವಿರಲಿಲ್ಲ.

ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕೂಲಿ ಕರ್ನಾಟಕದಲ್ಲಿ 2020ರ ಏಪ್ರಿಲ್‌ನಿಂದ ದಿನಕ್ಕೆ 275 ರೂ. ಆಯಿತು. ಬಂಗಾರಪೇಟೆ ಸುತ್ತಿನ ಹಳ್ಳಿಗಳವರಿಗೆ ಅದರ ಆಸರೆ ಇತ್ತು. ಗಣಿ ಪ್ರದೇಶದ ಪಟ್ಟಣ ನಗರಸಭೆಯ ವ್ಯಾಪ್ತಿಗೆ ಸೇರಿದ್ದರಿಂದ ಅಲ್ಲಿಯವರಿಗೆ ಅದೂ ಇರಲಿಲ್ಲ. ಪಟ್ಟಣದ ಬಡವನಿಗೆ ಕೂಲಿಯ ಖಾತರಿ ಇಲ್ಲವೆಂಬುದು ಆಗ ಎದ್ದು ಕಂಡ ಕೊರತೆ. ಬೀದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಸ್ವನಿಧಿ ಯೋಜನೆಯ 10,000 ರೂ. ಸಾಲ ಬಂದಿತು. ತಿಳಿಯಾದ ನೀರಿನ ಪಾನಿಪೂರಿಗೆ ಹೆಸರಾದ ಬಂಗಾರಪೇಟೆಯಲ್ಲಿ ಇಂಥ ಗಾಡಿಗಳನ್ನೇ ನಂಬಿದವರು ಬಹಳ ಮಂದಿ.

ಇನ್ನು ಆನ್‌ಲೈನ್ ಕೆಲಸ. ಇದರಲ್ಲಿ ನಿಜವಾದ ದುಡಿಮೆ ಉಂಟು, ಅದು ಸುಳ್ಳಲ್ಲ. ಆದರೆ ಮೊದಲು ನೋಡಬೇಕಾದುದು ತಮ್ಮಲ್ಲಿ ಮಾರಲು ಏನಿದೆ ಎಂಬುದನ್ನು. ಕೋಲಾರ ಗಣಿ ಪ್ರದೇಶದವರಲ್ಲಿ ಒಂದು ವಿಶೇಷವಿದೆ: ಮನೆಯಲ್ಲಿ ತಮಿಳು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ಬಲ್ಲ ಯುವಕ ಯುವತಿಯರಿಗೆ ಭಾಷಾಂತರ, ಧ್ವನಿಯನ್ನು ಕೇಳಿ ಬರಹಕ್ಕಿಳಿಸುವುದು, ಗ್ರಾಹಕರ ಕರೆಗೆ ಉತ್ತರಿಸುವುದು, ಕಂಪ್ಯೂಟರಿಗೆ ಭಾಷೆ ಕಲಿಸಲು ಧ್ವನಿ ಮುದ್ರಿಸಿಕೊಡುವುದು ಇವೆಲ್ಲ ಮನೆಯಿಂದ ಮಾಡಬಹುದಾದ ಕೆಲಸಗಳು. ಕೊನೆಯದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಹಳ್ಳಿಯ ಜನರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಮುದ್ರಿಸಿಕೊಂಡು, ಗಂಟೆಗೆ ಕನಿಷ್ಠ 5 ಡಾಲರಿನಂತೆ, ಎಂದರೆ 2023ರ ಲೆಕ್ಕದಲ್ಲಿ ಸುಮಾರು 400 ರೂ. ಕೊಟ್ಟಿತು. ಅದಕ್ಕೆ ಯಾರೂ ಮುಂಗಡ ಕಟ್ಟಬೇಕಿರಲಿಲ್ಲ. ಆದರೆ ಒಬ್ಬರಿಗೆ ಸಿಗುವ ಕೆಲಸಕ್ಕೆ ಮಿತಿಯಿತ್ತು; ಅದು ಕೈಖರ್ಚಿಗೆ ಅಥವಾ ಮಕ್ಕಳ ಫೀಜಿಗೆ ಒದಗುವಂಥದೇ ಹೊರತು ತಿಂಗಳ ಸಂಬಳವಲ್ಲ.

ಹೊರದೇಶದ ಗಿರಾಕಿಗಳೊಡನೆ ವ್ಯವಹರಿಸುವ ಫೈವರ್, ಅಪ್‌ವರ್ಕ್‌ಗಳಂತಹ ತಾಣಗಳನ್ನು ನಮ್ಮ ಮಂಡಿಗಳಂತೆಯೇ ಭಾವಿಸಬಹುದು. ದಲ್ಲಾಳಿ ಇದ್ದಾನೆ, ಕಮಿಷನ್ ಇದೆ. ಫೈವರ್‌ನಲ್ಲಿ ಕಮಿಷನ್ ಶೇ. 20. ಸಾವಿರ ರೂಪಾಯಿಯ ಕೆಲಸಕ್ಕೆ 800 ರೂ. ಕೈಗೆ, ಅದರಲ್ಲಿ ಹಣ ಬದಲಾವಣೆಯ ವೆಚ್ಚ, ಇಂಟರ್ನೆಟ್, ವಿದ್ಯುತ್ತು ಕಳೆಯಬೇಕು. ಅಡಿಕೆಯಲ್ಲಿ ಶೇ. 20 ಕಮಿಷನ್ ಕೇಳಿದರೆ ನಾವು ಸುಮ್ಮನಿರುತ್ತೇವೆಯೆ! ಇನ್ನೊಂದು ವಿಷಯವೆಂದರೆ, ಹೊಸಬರಿಗೆ ಮೊದಲ ಗಿರಾಕಿ ಸಿಗುವುದೇ ಕಷ್ಟ. ಹಿಂದಿನವರ ಒಳ್ಳೆಯ ಅಭಿಪ್ರಾಯ ನೋಡಿಯೇ ಮುಂದಿನವರು ಬರುತ್ತಾರೆ. ಆದುದರಿಂದ ಇದನ್ನು ಹೊಸ ಗಿಡ ನೆಟ್ಟಂತೆ ಎಣಿಸಬೇಕು, ಫಸಲಿಗೆ ಕಾಯಬೇಕು. ಮನೆಯಲ್ಲಿ ಅಕ್ಕಿ ಮುಗಿಯುವ ಹೊತ್ತಿಗೆ ಇದನ್ನು ನಂಬಿ ಕುಳಿತವರು ಸಾಲಕ್ಕೆ ಬೀಳುತ್ತಾರೆ.

ಯೂಟ್ಯೂಬ್ ಕುರಿತು ಕೇಳುವ ಯುವಕರು ಅನೇಕ. ಜಾಹೀರಾತಿನ ಪಾಲು ದೊರೆಯಬೇಕಾದರೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಐದು ನಿಮಿಷದ ಚಿತ್ರವನ್ನು ಪೂರ್ತಿ ನೋಡುವವರು 48,000 ಮಂದಿ ಆದಾಗ 4,000 ಗಂಟೆ ಆಗುತ್ತದೆ. ಈ ಲೆಕ್ಕ ತಿಳಿದ ಮೇಲೆ ಉತ್ಸಾಹ ಉಳಿದವರು ಮಾಡಲಿ.

ನನ್ನ ಅಭಿಪ್ರಾಯದಲ್ಲಿ ಬೇಗ ಕೈಗೆ ಹಣ ತರುವುದು ಪರಿಚಯದವರ ನಡುವೆ ಆರಂಭಿಸುವ ಕೆಲಸ: ಮನೆಪಾಠ, ಹೊಲಿಗೆ, ತಿಂಡಿ ಉಪ್ಪಿನಕಾಯಿ. ಇಂಟರ್ನೆಟ್ ಇಲ್ಲಿ ಗಿರಾಕಿಗೆ ಸುದ್ದಿ ಮುಟ್ಟಿಸುವ ಸಾಧನ ಮಾತ್ರ. ಕೋಲಾರವಂತೂ ಟೊಮೆಟೊ ಸೀಮೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೋಲಾರ ಜಿಲ್ಲೆಗೆ ಟೊಮೆಟೊ ಪದಾರ್ಥಗಳನ್ನೇ ಆರಿಸಿ, ಘಟಕದ ವೆಚ್ಚಕ್ಕೆ ಯೋಜನೆಯಿಂದ ಶೇ. 35 ಸಹಾಯಧನ, ಅದರ ಮೇಲೆ ರಾಜ್ಯದಿಂದ ಶೇ. 15 ಗೊತ್ತುಪಡಿಸಲಾಯಿತು. ಆಹಾರ ಪದಾರ್ಥ ಮಾರುವವರು, ಮನೆಯಲ್ಲೇ ತಯಾರಿಸಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಅಮೆಜಾನ್, ಮೀಶೋ ಮುಂತಾದ ತಾಣಗಳಲ್ಲಿ ಸರಕು ಮಾರಲು ಮೊದಲು ಎಷ್ಟೇ ಚಿಕ್ಕವರಾದರೂ ಜಿ.ಎಸ್.ಟಿ. ನೋಂದಣಿ ಬೇಕಿತ್ತು, 2023ರ ಅಕ್ಟೋಬರ್ 1ರಿಂದ ವಹಿವಾಟಿನ ಮಿತಿಯೊಳಗಿದ್ದು ರಾಜ್ಯದೊಳಗೇ ಮಾರುವವರಿಗೆ ಅದರಿಂದ ವಿನಾಯಿತಿ ದೊರೆತಿದೆ, ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ಮನೆಯಿಂದ ಕೆಲಸ ಎನ್ನುವಾಗ ಮನೆ ಎಂಥದು ಎಂಬುದನ್ನೂ ನೋಡಬೇಕಲ್ಲವೆ? ಗಣಿ ಕಾರ್ಮಿಕರ ಲೈನ್ ಮನೆಗಳು ತೀರ ಚಿಕ್ಕವು. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳ ಪಾಠಕ್ಕೂ ಅಪ್ಪನ ಕೆಲಸಕ್ಕೂ ಒಂದೇ ಮೊಬೈಲು ಎಂಬ ಪರಿಸ್ಥಿತಿ ರಾಜ್ಯದ ಅನೇಕ ಮನೆಗಳಲ್ಲಿತ್ತು. ಮೊಬೈಲ್ ಇಲ್ಲದ ಮಕ್ಕಳಿಗಾಗಿಯೇ ಸರ್ಕಾರ ವಿದ್ಯಾಗಮ ಕಾರ್ಯಕ್ರಮ ನಡೆಸಬೇಕಾಯಿತು. ಹೆಂಗಸರು ಮನೆಯಿಂದ ದುಡಿಯಲಿ ಎನ್ನುವವರು ಅವರಿಗೆ ದಿನಕ್ಕೆ ಎರಡು ಗಂಟೆ ಬಾಗಿಲು ಹಾಕಿಕೊಂಡು ಕೂರಲು ಬಿಡಬೇಕು. ನಡುವೆ ಕಾಫಿ ಮಾಡು, ನೆಂಟರು ಬಂದರು ಎಂದು ಕರೆಯುತ್ತಿದ್ದರೆ ಯಾವ ಕೆಲಸವೂ ಸಾಗದು.

ಈಗ ಮುಖ್ಯವಾದ ಮೋಸದ ವಿಚಾರ. ಕೆಲಸ ಕಳೆದುಕೊಂಡವನ ಆತುರವೇ ಮೋಸಗಾರನ ಬಂಡವಾಳ. ಇವುಗಳಲ್ಲಿ ಹೆಚ್ಚಾಗಿ ಕಾಣುವ ಮೂರು ಬಗೆಗಳನ್ನು ವಿವರಿಸುತ್ತೇನೆ.

ಒಂದು, ಡೇಟಾ ಎಂಟ್ರಿ ಕೆಲಸ. ಇಷ್ಟು ಪುಟ ಬೆರಳಚ್ಚು ಮಾಡಿದರೆ ವಾರಕ್ಕೆ ಇಷ್ಟು ಸಾವಿರವೆಂದು ಹೇಳಿ, ನೋಂದಣಿ ಶುಲ್ಕ ಪಡೆದು, ಮೊಬೈಲಿನಲ್ಲೇ ಕರಾರಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಕೆಲಸ ಮುಗಿಸಿ ಕಳಿಸಿದ ಮೇಲೆ ತಪ್ಪುಗಳು ಹೆಚ್ಚಿವೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ ಎಂದು ವಕೀಲರ ಹೆಸರಿನಲ್ಲಿ ನೋಟೀಸು ಬರುತ್ತದೆ. ಪೊಲೀಸರು ಬರುತ್ತಾರೆಂದು ಹೆದರಿಸುತ್ತಾರೆ. ಕರಾರಿನಂತೆ ಕೆಲಸ ಮುಗಿಸದಿರುವುದು ಹೆಚ್ಚೆಂದರೆ ಸಿವಿಲ್ ವ್ಯಾಜ್ಯ, ಅದಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಹೆದರಿ ಒಮ್ಮೆ ಕಟ್ಟಿದವರಿಂದ ಮತ್ತೆ ಮತ್ತೆ ಕೇಳುತ್ತಾರೆ.

ಎರಡು, ಟೆಲಿಗ್ರಾಂ ಅಥವಾ ವಾಟ್ಸ್‌ಆಪ್ ಮೂಲಕ ಬರುವ ‘ಟಾಸ್ಕ್’ ಕೆಲಸ. ಚಿತ್ರಗಳಿಗೆ ಲೈಕ್ ಒತ್ತಿದರೆ ಹಣ ಎಂದು ಮೊದಲು ನೂರೋ ಇನ್ನೂರೋ ನಿಜವಾಗಿಯೂ ಖಾತೆಗೆ ಹಾಕುತ್ತಾರೆ. ನಂಬಿಕೆ ಹುಟ್ಟಿದ ಮೇಲೆ, ಸಾವಿರ ಕಟ್ಟಿ ಹದಿಮೂರು ನೂರು ಪಡೆಯಿರಿ ಎನ್ನುತ್ತಾರೆ, ಅದನ್ನೂ ಕೊಡುತ್ತಾರೆ. ಅನಂತರ ಮೊತ್ತ ದೊಡ್ಡದಾಗುತ್ತದೆ. ಪರದೆಯ ಮೇಲೆ ಲಾಭ ಲಕ್ಷಗಟ್ಟಲೆ ಕಾಣುತ್ತದೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂಬ ಉತ್ತರ. ಆ ಅಂಕಿ ಬರೀ ಚಿತ್ರ, ಹಿಂದೆ ಹಣವಿಲ್ಲ. ವಿದ್ಯಾವಂತರೂ ಇದಕ್ಕೆ ಬಲಿಯಾಗಿದ್ದಾರೆ.

ಮೂರನೆಯದು ಇನ್ನೂ ಅಪಾಯಕರ. ನಿಮ್ಮ ಬ್ಯಾಂಕ್ ಖಾತೆಗೆ ಬರುವ ಹಣವನ್ನು ಬೇರೆ ಖಾತೆಗೆ ಕಳಿಸಿದರೆ ಸಾಕು, ಕಮಿಷನ್ ಕೊಡುತ್ತೇವೆ ಎಂಬ ಕೆಲಸ. ಬರುವ ಹಣ ಇನ್ನೊಬ್ಬರಿಂದ ಕದ್ದದ್ದು. ಪೊಲೀಸರು ಜಾಡು ಹಿಡಿದು ಮೊದಲು ಬರುವುದು ಖಾತೆದಾರನ ಮನೆಗೆ. ಖಾತೆ ಸ್ತಂಭಿತವಾಗುತ್ತದೆ, ಮೊಕದ್ದಮೆಯೂ ಆಗಬಹುದು. ಖಾತೆಯನ್ನಾಗಲಿ, ಸಿಮ್ ಕಾರ್ಡನ್ನಾಗಲಿ ಬಾಡಿಗೆಗೆ ಕೊಡುವುದು ಎಂದಿಗೂ ಸಲ್ಲದು.

ಮೋಸವಾಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದರಿಂದ ಮೊದಲ ಒಂದೆರಡು ಗಂಟೆಯೊಳಗೆ ದೂರು ಮುಟ್ಟಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಏನೂ ಉಳಿಯುವುದಿಲ್ಲ. ಈ ನಾಚಿಕೆಯ ವಿಷಯದಲ್ಲಿ ಮನೆಯ ಹಿರಿಯರಿಗೂ ಒಂದು ಮಾತು. ಕೆಲಸ ಹೋದ ಮಗನನ್ನು ನೆಂಟರೆದುರು ಹಂಗಿಸುವುದು, ಪಕ್ಕದ ತೋಟದವರ ಮಗನೊಡನೆ ಹೋಲಿಸುವುದು ಬೇಡ. ಮಾತು ಕಡಿಮೆ ಮಾಡಿ, ನಿದ್ದೆ ಬಿಟ್ಟು, ಊಟ ಬಿಟ್ಟು ಕುಳಿತವರ ಮೇಲೆ ಕಣ್ಣಿಟ್ಟಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೆಲಸ ಕೊಡುವವನು ಹಣ ಕೇಳುವುದಿಲ್ಲ, ಹಣ ಕೊಡುತ್ತಾನೆ. ತೋಟಕ್ಕೆ ಬರುವ ಆಳಿನಿಂದ ನಾವು ಎಂದಾದರೂ ನೋಂದಣಿ ಶುಲ್ಕ ಪಡೆದಿದ್ದೇವೆಯೆ? ಆದಾಗ್ಯೂ ಸಂದೇಹವಿದ್ದಲ್ಲಿ, ಸದಸ್ಯರು ಹಣ ಕಟ್ಟುವ ಮೊದಲು ಕರಾರು ಪತ್ರವನ್ನಾಗಲಿ ಮೊಬೈಲಿನಲ್ಲಿ ಬಂದ ಸಂದೇಶವನ್ನಾಗಲಿ ಸಂಘದ ಕಚೇರಿಗೆ ತಂದು ತೋರಿಸಬಹುದು. ಕಚೇರಿಯ ವೇಳೆಯಲ್ಲಿ ಓದಿ ಹೇಳಲಾಗುವುದು. ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆತಂದರೆ ಅನುಕೂಲ.